ಎರಡು ತಾಸಿನ ಹಾದಿಗೆ ಎರಡು ದಿನದ ಬುತ್ತಿ

ಡಬ್ಬಿಯ ಮುಚ್ಚಳ ತೆಗೆದೊಡನೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ಇನ್ನೊಂದು ಕೈಯಲ್ಲಿ ಫೋನು. ಹೈದರಾಬಾದಿನಿಂದ ಗುವಾಹಟಿಗೆ ವಿಮಾನ ಎಷ್ಟು ತಾಸಿಗೆ ಮುಟ್ಟುತ್ತದೆಂದು ಅದರಲ್ಲಿ ಹುಡುಕುತ್ತಿದ್ದೆ. ನೌಕರಿ ಮುಗಿಯಿತಲ್ಲ, ಒಬ್ಬಳೇ ಹೋಗಿ ಬ್ರಹ್ಮಪುತ್ರ ನೋಡಿ ಬರಬೇಕೆಂಬ ಹಟ ನನ್ನದು. "ಈ ವಯಸ್ಸಿನ್ಯಾಗ ಅಷ್ಟು ದೂರ ಒಬ್ಬಾಕಿನ ಯಾಕವ್ವಾ?" ಎಂದು ಇದೇ ಊರಿನ ಮಿಯಾಪುರದಲ್ಲಿರುವ ಮಗ ಕೇಳಿದ್ದ. ಅವನ ಬಾಯಿ ಮುಚ್ಚಿಸಲು ನನಗೊಂದು ಸಣ್ಣ ಅಂಕಿ ಬೇಕಾಗಿತ್ತು.

ನೋಡಿ, ನಮಗೆ ಈ ಚಟ ಬಿಡುವುದಿಲ್ಲ. ಸೀರೆಯ ಬೆಲೆ ಕೇಳಿದರೆ ಕಡಿಮೆ ಮಾಡಿ ಹೇಳುತ್ತೇವೆ, ಹೋಗುವ ಊರು ಕೇಳಿದರೆ ಹತ್ತಿರ ಮಾಡಿ ಹೇಳುತ್ತೇವೆ.

ಹಿಂದೊಮ್ಮೆ ತಾರ್ನಾಕದ ಅತ್ತೆಮನೆಯಲ್ಲೂ ಹಾಗೆಯೇ ಹೇಳಿದ್ದೆ. ಆಗ ಊರಿಗೆಲ್ಲ ಕಂಪ್ಯೂಟರಿನ ಜ್ವರ. ಕಂಪನಿಯವರು ನನಗೆ ಆರು ತಿಂಗಳು ದಿಲ್ಲಿಗೆ ಹೋಗು ಎಂದಿದ್ದರು; ಹೋಗದಿದ್ದರೆ ಆ ಕೆಲಸ ಬೇರೆಯವರಿಗೆ. ಗಂಡ ಹೂಂ ಅಂದಿದ್ದರು. ಆದರೆ ಮನೆತನಕ್ಕೆ ಹಿರಿಯರೆಂದರೆ ಅವರ ಕಾಕಾ ಶರಣಪ್ಪನವರು. ಪೇಪರಿನಿಂದ ತಲೆ ಎತ್ತಿ ಕೇಳಿದರು: "ಹೆಣ್ಣಮಗಳು, ಒಬ್ಬಾಕಿ, ದಿಲ್ಲಿ ತನಕ?"

"ದೂರೇನಿಲ್ಲರಿ ಕಾಕಾ. ವಿಮಾನದಾಗ ಎರಡು ತಾಸು. ನಿಮ್ಮ ಬಸವಕಲ್ಯಾಣದ ಬಸ್ಸಿಗೇ ಇದಕ್ಕಿಂತ ಜಾಸ್ತಿ ಹಿಡೀತೈತಿ" ಎಂದೆ. ಎಂಥ ಜಾಣೆ ನಾನು ಎಂದು ಒಳಗೊಳಗೇ ಬೀಗಿದೆ.

"ತಾಸು ಕಮ್ಮಿ ಆದ್ರ ಊರು ಸರದ ಬರ್ತೈತೇನು?" ಎಂದರು ಕಾಕಾ. ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. ಮೈದುನನೆದುರು ಎಂದೂ ದನಿ ಎತ್ತಿದವರಲ್ಲ.

"ಖರೆ ಐತಿ. ದಿಲ್ಲಿ ಭಾಳ ದೂರ ಐತಿ" ಎಂದರು. ಇವರೂ ಕಾಕಾನ ಕಡೆಯೇ ಎಂದುಕೊಂಡೆ. "ನನ್ನ ಲಗ್ನ ಮಾಡಿ ಇಲ್ಲಿಗಿ ತಂದಾಗ ನೆರೆಮನಿಯವರ ತೆಲುಗು ಮಾತು ಸೈತ ನಂಗ ತಿಳೀತಿದ್ದಿಲ್ಲ. ಅವತ್ತ ದೂರ ಆತಂತ ಯಾರರೆ ಅಂದ್ರೇನು, ಶರಣಪ್ಪ? ಹೆಣ್ಣು ಕೊಡೂದಕ್ಕ ದೂರಿಲ್ಲ, ಆಕಿ ತಾನ ಹೋಗ್ತೀನಂದ್ರ ದೂರ. ದೂರ ಇರಲಿ. ಹೋಗ್ತಾಳ."

ಕಾಕಾ ಪೇಪರು ಮಡಚಿಟ್ಟು ಎದ್ದು ಹೋದರು. ದೀಪಾವಳಿಯವರೆಗೂ ನಮ್ಮ ಮನೆಯ ಚಹಾ ಮುಟ್ಟಲಿಲ್ಲ. ಅತ್ತೆ ಕರೆಯಲೂ ಇಲ್ಲ.

ಹೊರಡುವ ದಿನ ಅತ್ತೆ ಖಡಕ್ ರೊಟ್ಟಿಯ ದೊಡ್ಡ ಗಂಟು ಕಟ್ಟಿದರು, ಜೊತೆಗೆ ಹಿಂಡಿ; ರೈಲಿನವರಿಗೆ ಎರಡು ದಿನಕ್ಕೆ ಕಟ್ಟುವಷ್ಟು. "ಅತ್ತೀ, ಎರಡೇ ತಾಸರಿ" ಎಂದು ಗೊಣಗಿದೆ.

"ಬುತ್ತಿ ಕಟ್ಟೂದು ದೂರಕ್ಕ, ತಾಸಿಗಲ್ಲ. ನೀ ದೂರ ಹೊಂಟೀದಿ. ಸಣ್ಣದು ಮಾಡಿ ಹೇಳಬ್ಯಾಡ."

ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಗಂಟು ಮುಟ್ಟಿ ನೋಡಿ ನಕ್ಕ. ನಾನು ಸೊಕ್ಕಿನಿಂದಲೇ ಅದನ್ನು ಹೆಗಲಿಗೇರಿಸಿದೆ. ಆ ಆರು ತಿಂಗಳಿನಿಂದಲೇ ನನ್ನ ನೌಕರಿ ನೌಕರಿಯಾಯಿತು.

ಅತ್ತೆ ಈಗಿಲ್ಲ. ನಾನು ಮಾತ್ರ ಇಷ್ಟು ವರ್ಷದ ಮೇಲೂ ಫೋನಿನಲ್ಲಿ ಸಣ್ಣ ಅಂಕಿ ಹುಡುಕುತ್ತ ನಿಂತಿದ್ದೇನೆ. ನಾಚಿಕೆಯಾಯಿತು. ಅಷ್ಟರಲ್ಲಿ ಮಗನದೇ ಕರೆ. "ಎಷ್ಟು ತಾಸಿನ ಹಾದಿ ಅವ್ವಾ? ನೋಡಿದೇನು?"

"ನೋಡಿಲ್ಲ. ಭಾಳ ದೂರ ಐತಿ" ಎಂದೆ. "ಅದಕ್ಕ ಹೊಂಟೀನಿ."

ನಾನು ಫೋನಿಟ್ಟು, ಎರಡು ದಿನದ ಬುತ್ತಿಗೆ ಸಾಲುವಷ್ಟು ಹಿಟ್ಟನ್ನು ನಾದುವ ಪರಾತಕ್ಕೆ ಸುರಿದುಕೊಂಡೆ.