ಇಪ್ಪತ್ತೊಂದಕ್ಕೆ ನಿಂತ ಎಣಿಕೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ತೊಡಗಿದರೆ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಕನಸಿನಲ್ಲಿ ಬಂದ ಸೂಚನೆ, ಯಾರೂ ಇಲ್ಲದ ಕಡೆ ಕೇಳಿದ ದನಿ, ಇಂಥದ್ದನ್ನೆಲ್ಲ ನಂಬಿದವಳಲ್ಲ. ನಮ್ಮ ಚರ್ಚಿನ ಸಭೆಯ ಕೂಟಗಳಲ್ಲೇ ಕೆಲವರು ಎದ್ದು ನಿಂತು ತಮಗಾದ ದರ್ಶನದ ಬಗ್ಗೆ ಸಾಕ್ಷಿ ಹೇಳುವಾಗ, ಇವರು ಹಿಂದಿನ ರಾತ್ರಿ ಊಟ ಹೆಚ್ಚು ಮಾಡಿರಬೇಕು ಎಂದುಕೊಂಡು ಸುಮ್ಮನಿರುತ್ತಿದ್ದೆ. ಇಂದು ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ಗಡಿಯಾರ ನೋಡಿಕೊಂಡರೆ ನನ್ನ ಆಕ್ಷೇಪವಿಲ್ಲ.

ನಾನು ಬೆಳೆದದ್ದು ಬೋರ್ಡಿಂಗ್ ಶಾಲೆಯಲ್ಲಿ. ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಪ್ರಾರ್ಥನೆ. ಎಲ್ಲಿಗೆ ಹೊರಟರೂ ಕುಳ್ಳಿಯಿಂದ ಉದ್ದದವಳವರೆಗೆ ಸಾಲು ನಿಂತು, ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕು. ಲೆಕ್ಕ ಸರಿಯಾಗದೆ ಸಾಲು ಕದಲುವಂತಿಲ್ಲ. ಈ ಅಭ್ಯಾಸ ನನ್ನ ಮೈಗೆ ಹತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ಟೀಚರ್ ಟ್ರೇನಿಂಗ್ ಮುಗಿಸಿ ಮೈಸೂರಿನ ಮನೆಯಲ್ಲಿದ್ದೆ. ನಮ್ಮ ಸಭಾಪಾಲಕರು, ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು, ಒಂದು ವರ್ಷ ಯೌವನಸ್ಥರ ಸೇವೆಗೆ ಕೊಡುತ್ತೀಯಾ ಎಂದು ಕೇಳಿದರು. ಒಪ್ಪಿಕೊಂಡೆ. ಹುಡುಗಿಯರ ಸಂಘ ನನ್ನ ಪಾಲಿಗೆ ಬಂತು. ಶನಿವಾರದ ಕೂಟ, ಸತ್ಯವೇದದ ಪಾಠ, ಹಾಡು, ಹೊಲಿಗೆ, ಕಾಯಿಲೆ ಬಿದ್ದವರ ಮನೆಗೆ ಭೇಟಿ. ಕೆಲಸ ಚೆನ್ನಾಗಿತ್ತು. ಒಂದೇ ಕೊರತೆ. ಹುಡುಗರ ಸಂಘ ಸೈಕಲ್ ಹತ್ತಿ ಬೆಟ್ಟ, ಹೊಳೆ ಎಂದು ದಿನವಿಡೀ ಹೋಗಿ ಬರುತ್ತಿತ್ತು. ನಮ್ಮ ಹುಡುಗಿಯರು ಚರ್ಚಿನ ಕಾಂಪೌಂಡ್ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಎರಡು ತಿಂಗಳು ಅಯ್ಯನವರ ಬೆನ್ನು ಬಿದ್ದೆ. ಸಭೆಯ ಹಿರಿಯರು ಕೂತು ಚರ್ಚಿಸಿ, ಕೊನೆಗೆ ಒಂದು ಶನಿವಾರ ಕೊಟ್ಟರು. ಕೆಸರೆ ಎಂಬ ಹಳ್ಳಿಯಾಚೆ ಒಬ್ಬ ಪರಿಚಿತರ ಮಾವಿನ ತೋಪಿತ್ತು, ಅಲ್ಲಿಗೆ ಹೋಗಬಹುದು. ಸಂಜೆ ಆರರ ಗಂಟೆ ಹೊಡೆಯುವಾಗ ಎಲ್ಲರೂ ಗೇಟಿನೊಳಗಿರಬೇಕು. ತಪ್ಪಿದರೆ ಹುಡುಗಿಯರಿಗೆ ಇದೇ ಮೊದಲು, ಇದೇ ಕೊನೆ.

ಇಪ್ಪತ್ತೆರಡು ಹುಡುಗಿಯರು, ನಾನು, ಸಭೆಯ ಹಳೆಯ ಸೇವಕಿ ರೂತಮ್ಮನವರು. ಬೆಳಿಗ್ಗೆ ಗೇಟಿನ ಬಳಿ ಸಾಲು ನಿಲ್ಲಿಸಿದೆ, ಇಪ್ಪತ್ತೆರಡು. ಊಟಕ್ಕೆ ಮುಂಚೆ ತೋಪಿನಲ್ಲಿ, ಇಪ್ಪತ್ತೆರಡು. ಆ ದಿನ ಆ ಮಕ್ಕಳು ಹಾಡಿದ ಹಾಗೆ ಮತ್ತೆಂದೂ ಹಾಡಲಿಲ್ಲ. ಮನೆಯಲ್ಲಿ ಗಟ್ಟಿಯಾಗಿ ನಕ್ಕರೂ ಬೈಸಿಕೊಳ್ಳುವವರು. ಇಲ್ಲಿ ಕೇಳುವವರು ಯಾರೂ ಇಲ್ಲವೆಂದು ಗಂಟಲು ಬಿಚ್ಚಿ ಹಾಡಿದರು. ಒಂದು ಕೀರ್ತನೆ ಮುಗಿಯುವ ಮೊದಲೇ ಇನ್ನೊಂದು. ಹಾಗಾಗಿಯೇ ಹೊರಡುವುದು ತಡವಾಯಿತು, ತಡವಾಗಿದ್ದರಿಂದ ನಾನೊಂದು ತಪ್ಪು ಮಾಡಿದೆ. ದಾರಿಯಲ್ಲಿ ಎಣಿಸಿದರಾಯಿತು ಎಂದು ಎಣಿಸದೆ ಹೊರಡಿಸಿದೆ.

ಅರ್ಧ ಗಂಟೆ ನಡೆದು ಕೆಸರೆಯ ಅಂಚಿಗೆ ಬಂದಾಗ ಮನಸ್ಸು ತಡೆಯಲಿಲ್ಲ. ಸಾಲು ನಿಲ್ಲಿಸಿದೆ. ಎಣಿಕೆ ಇಪ್ಪತ್ತೊಂದಕ್ಕೆ ನಿಂತಿತು.

ಮತ್ತೆ ಕೂಗಿಸಿದೆ. ಇಪ್ಪತ್ತೊಂದು. ಚೀಲದಿಂದ ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬಳ ಹೆಸರು ಕರೆದೆ. ಇಪ್ಪತ್ತೆರಡು ಹೆಸರಿಗೂ ಉತ್ತರ ಬಂತು, ಉತ್ತರ ಕೊಟ್ಟವಳ ಮುಖವನ್ನೂ ನೋಡಿದೆ. ಆಮೇಲೆ ನಾನೇ ಪ್ರತಿಯೊಬ್ಬಳ ಭುಜ ಮುಟ್ಟಿ ಎಣಿಸಿದೆ. ಇಪ್ಪತ್ತೊಂದು. ಲೆಕ್ಕದಲ್ಲಿ ಚುರುಕಾಗಿದ್ದ ಗ್ರೇಸ್ ಎಂಬ ಹುಡುಗಿಯನ್ನು ಕರೆದು ನಿನ್ನನ್ನೂ ಸೇರಿಸಿ ಎಣಿಸು ಎಂದೆ. ಅವಳಿಗೂ ಇಪ್ಪತ್ತೊಂದೇ ಸಿಕ್ಕಿತು.

"ಅಕ್ಕ, ನಿಮ್ಮನ್ನ ನೀವು ಮರೆತಿದ್ದೀರಿ ಕಣಕ್ಕ" ಎಂದು ಸಾಲಿನಿಂದ ಯಾರೋ ಹೇಳಿದರು, ಉಳಿದವರು ಕಿಸಕ್ಕೆಂದರು. ಬೆಳಿಗ್ಗೆಯೂ ನನ್ನನ್ನು ನಾನು ಸೇರಿಸಿರಲಿಲ್ಲ. ನನಗೆ ನಗು ಬರಲಿಲ್ಲ.

ರೂತಮ್ಮನವರು ಕೊಡೆಯೂರಿ ನಿಂತಿದ್ದರು. "ಹೆಸರಿಗೆ ಹೆಸರು ಸರಿಹೋಯ್ತಲ್ಲಮ್ಮ. ಕಣ್ಣಿಗೆ ಕಾಣೋ ಮಕ್ಕಳನ್ನ ಬಿಟ್ಟು ಕಾಣದೇ ಇರೋರನ್ನ ಹುಡುಕ್ತೀಯಾ? ನಡಿ. ಆರು ಹೊಡೆದ್ರೆ ಮುಗೀತು, ಮತ್ತೆ ಈ ಹುಡುಗೀರು ಹೊಸಲು ದಾಟಲ್ಲ."

ಅವರು ಹೇಳಿದ್ದು ಸರಿ. ಆಗ ಹೊರಟಿದ್ದರೆ ಆರಕ್ಕೆ ಗೇಟಿನೊಳಗಿರುತ್ತಿದ್ದೆವು. ಎರಡು ತಿಂಗಳು ಬೇಡಿ ಪಡೆದದ್ದು ಕೈಯಲ್ಲಿ ಉಳಿಯುತ್ತಿತ್ತು. ಆದರೆ ತೋಪಿನಲ್ಲಿ ಎಣಿಸದೆ ಬಂದವಳು ನಾನು. ಲೆಕ್ಕ ತಪ್ಪಿದ ಸಾಲನ್ನು ಮುಂದಕ್ಕೆ ಕಳಿಸಲು ನನ್ನಿಂದಾಗಲಿಲ್ಲ. ಧೈರ್ಯವಲ್ಲ, ಭಕ್ತಿಯೂ ಅಲ್ಲ, ಬರೀ ಅಭ್ಯಾಸ. ಹುಡುಗಿಯರನ್ನು ರೂತಮ್ಮನವರ ಜೊತೆ ಊರಿನ ಒಂದು ಜಗಲಿಯ ಮೇಲೆ ಕೂರಿಸಿ, ಗ್ರೇಸ್ ಮತ್ತು ಸುಶೀಲಾ ಇಬ್ಬರನ್ನು ಕರೆದುಕೊಂಡು ಹಿಂದಕ್ಕೆ ಹೊರಟೆ. ಬೆನ್ನ ಹಿಂದೆ ರೂತಮ್ಮನವರು "ಹಟಮಾರಿ" ಎಂದದ್ದು ಕೇಳಿಸಿತು.

ತೋಪು ತಲುಪುವಾಗ ಬಿಸಿಲು ಇಳಿದಿತ್ತು. ಸುಶೀಲಾ ಕೈಗಳನ್ನು ಬಾಯಿಯ ಬಳಿ ಹಿಡಿದು, ತಿರುಗಿ ನನ್ನನ್ನು ಕೇಳಿದಳು. "ಅಕ್ಕ, ಯಾರ ಹೆಸರು ಕೂಗಲಿ?"

ಇಪ್ಪತ್ತೆರಡು ಹೆಸರೂ ಇದ್ದವು. ಕೂಗಲು ಹೆಸರೇ ಇಲ್ಲದೆ ನಾವು ಮೂವರೂ ಸುಮ್ಮನೆ ನಿಂತೆವು. ಆ ದಿನ ಆ ಜಾಗದಲ್ಲಿ ನಾವು ಸುಮ್ಮನಿದ್ದದ್ದು ಅದೇ ಮೊದಲು. ಆಗ ಕೇಳಿಸಿತು, ಕಲ್ಲಿಗೆ ಕಲ್ಲು ಬಡಿದ ಹಾಗೆ. ನಿಂತಿತು. ಮತ್ತೆ ಬಡಿಯಿತು.

ನಾವು ಊಟಕ್ಕೆ ಕೂತಿದ್ದ ಮರದಿಂದ ಐವತ್ತು ಹೆಜ್ಜೆ ಇರಬಹುದು. ಪೊದೆಯ ಹಿಂದೆ ನೀರಿಲ್ಲದ ಹಾಳು ಬಾವಿ. ತಳದಲ್ಲಿ ಒಬ್ಬ ಹೆಂಗಸು ಕೈಯಲ್ಲೊಂದು ಕಲ್ಲು ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ಒಂದು ಕಾಲು ನೋಡಬಾರದ ರೀತಿಯಲ್ಲಿ ಮಡಚಿಕೊಂಡಿತ್ತು. ಕೆಸರೆಯ ಕೆಂಪಮ್ಮ, ಬೆಳಿಗ್ಗೆ ಹುಲ್ಲಿಗೆ ಬಂದವಳು ಅಂಚು ಕುಸಿದು ಬಿದ್ದಿದ್ದಳು. ಹೆಸರು, ಊರು ಎಲ್ಲ ಆಮೇಲೆ ತಿಳಿದದ್ದು. ಆಗ ಅವಳ ಗಂಟಲಲ್ಲಿ ಉಸಿರಿನಷ್ಟೇ ದನಿ ಉಳಿದಿತ್ತು. ಬಗ್ಗಿ ಕಿವಿಗೊಟ್ಟೆ.

"ನೀವು ಪದ ಹೇಳ್ತಾನೇ ಇದ್ರಿ ಕಣವ್ವ. ನಾನು ಕೂಗ್ತಾನೇ ಇದ್ದೆ."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಹೀಗೆ ನಡೆಯಿತು ಎಂದು ತಿಳಿಸಿದಳು, ಅಷ್ಟೇ. ಗ್ರೇಸ್ ಮುಖ ಮುಚ್ಚಿಕೊಂಡಳು. ಅಳುವುದಕ್ಕೆ ಆಮೇಲೆ ಹೊತ್ತಿದೆ, ಈಗ ಓಡು ಎಂದೆ. ಅವಳು ಕೆಸರೆಯವರೆಗೂ ಓಡಿದಳು. ಗಂಡಸರು ಹಗ್ಗ, ಮಂಚ, ಲಾಟೀನು ಹಿಡಿದು ಬಂದರು. ಕೆಂಪಮ್ಮನನ್ನು ಮೇಲೆತ್ತಿ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅವಳ ಮನೆಯವರು ಅವಳು ಮಗಳ ಊರಿಗೆ ಹೋಗಿದ್ದಾಳೆಂದು ತಿಳಿದಿದ್ದರಂತೆ. ಎರಡು ದಿನ ಹುಡುಕುತ್ತಲೇ ಇರಲಿಲ್ಲವೇನೋ.

ಜಗಲಿಯ ಬಳಿ ಬಂದು ಮತ್ತೆ ಸಾಲು ನಿಲ್ಲಿಸಿದೆ. ಯಾರೂ ನಗಲಿಲ್ಲ. ಕೊನೆಯವಳು ಕೂಗಿದ ಸಂಖ್ಯೆ ಇಪ್ಪತ್ತೆರಡು.

ನಾವು ಗೇಟು ಮುಟ್ಟಿದಾಗ ಎಂಟರ ಹತ್ತಿರ. ತಂದೆತಾಯಿಗಳೆಲ್ಲ ರಸ್ತೆಯಲ್ಲೇ ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಎಣಿಸದೆ ಹೊರಟಿದ್ದನ್ನೂ, ಎಣಿಕೆ ತಪ್ಪಿದ್ದನ್ನೂ. ಒಬ್ಬ ಹಿರಿಯರು, "ಆರು ಗಂಟೆ ಅಂದ್ರೆ ಆರು ಗಂಟೆ, ಅಯ್ಯನವರೇ" ಎಂದರು. ಅಯ್ಯನವರು ಹುಡುಗಿಯರ ಧೂಳು ಹಿಡಿದ ಕಾಲುಗಳನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಹೋಗುವಾಗ ಲಾಟೀನು ತಗೊಂಡು ಹೋಗಿ" ಎಂದರು. ಆ ವರ್ಷ ಮುಗಿಯುವುದರೊಳಗೆ ಇನ್ನೂ ನಾಲ್ಕು ಸಲ ಹೋದೆವು. ಪ್ರತಿ ಹಾಡು ಮುಗಿದ ಮೇಲೂ ಒಂದು ನಿಮಿಷ ಯಾರೂ ಮಾತಾಡಬಾರದೆಂದು ನಿಯಮ ಮಾಡಿದೆ. ಯಾಕೆಂದು ಹುಡುಗಿಯರು ಕೇಳಲಿಲ್ಲ.

ದಣಿದ ಮಕ್ಕಳು, ಹೊತ್ತು ಮೀರುತ್ತಿದೆಯೆಂಬ ಗಾಬರಿ, ಎಲ್ಲೋ ಒಂದು ಸಂಖ್ಯೆ ಜಾರಿರಬೇಕು. ಬೇರೆಯವರು ಹೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಒಂದು ಸಲ ಜಾರಬಹುದು. ನಾಲ್ಕು ಸಲ, ಇಬ್ಬರ ಎಣಿಕೆಯಲ್ಲಿ, ಒಂದೇ ಕಡೆ? ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಗಳಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದ್ದೇನೆ. ಹೆಸರೆಲ್ಲ ಇದ್ದು ತಲೆ ಕಡಿಮೆಯಾದದ್ದು ಮತ್ತೆಂದೂ ಆಗಲಿಲ್ಲ.

ಮುಂದಿನ ಶನಿವಾರ ಆಸ್ಪತ್ರೆಗೆ ಹೋಗಿದ್ದೆ. ಕೆಂಪಮ್ಮನ ಕಾಲಿಗೆ ಪಟ್ಟಿ ಕಟ್ಟಿದ್ದರು, ದನಿ ಮರಳಿತ್ತು. ಅವಳ ಪಕ್ಕದಲ್ಲಿ ಬುತ್ತಿ ಹಿಡಿದು ಮಗಳು ಕೂತಿದ್ದಳು. ಕೆಂಪಮ್ಮ ನನ್ನ ಕೈ ಹಿಡಿದು, ಮೊದಲು ಕೇಳಿದ್ದು ಇದನ್ನೇ.

"ನೀವು ಒಂಟೋಗಿದ್ದು ಗೊತ್ತಾಯ್ತು ನಂಗೆ. ಪದ ನಿಂತೋಯ್ತು, ಅಲ್ಲಿಗೆ ಮುಗೀತು ಅಂದ್ಕೊಂಡೆ. ಆಮೇಲೆ ಯಾರನ್ನ ಹುಡುಕ್ಕೊಂಡು ವಾಪಸ್ ಬಂದ್ರವ್ವ?"

"ನಿಮ್ಮನ್ನೇ" ಎಂದೆ.

ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂತು. ಕೆಂಪಮ್ಮ ತಲೆಯಾಡಿಸಿ ಮಗಳಿಗೆ ನನಗೊಂದು ಲೋಟ ಕಾಫಿ ತರಲು ಹೇಳಿದಳು. ಸುಳ್ಳು ಹೇಳಬಾರದೆಂದು ಚಿಕ್ಕಂದಿನಿಂದ ಕಲಿತವಳು ನಾನು, ಮಕ್ಕಳಿಗೂ ಅದನ್ನೇ ಕಲಿಸಿದವಳು. ಅವತ್ತು ನಾನು ಹೇಳಿದ್ದು ಸುಳ್ಳೋ ನಿಜವೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.