ಇಬ್ಬರನ್ನೂ ಹತ್ತಿಸಿಕೊಂಡು ಹೋದ ಮಧ್ಯಾಹ್ನ

ಕೊರೊನಾ ಇಳಿದ ಮರುವರ್ಷ ನಾನು ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದೆ. ನರ್ಸ್ ಹುದ್ದೆ ಮೂರಿದ್ದವು, ಭರ್ತಿಯಾಗಿದ್ದು ಒಂದು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಷ್ಟು ಹೆರಿಗೆ ಮಾಡಿಸಿದವಳಿಗೆ ಇನ್ನೆಂಥ ಭಯ ಎಂದುಕೊಂಡಿದ್ದೆ.

ಅವತ್ತು ವೈದ್ಯರು ಮೀಟಿಂಗ್‌ಗೆ ಹೋಗಿದ್ದರು. ಮಧ್ಯಾಹ್ನ ಎರಡಕ್ಕೆ ರತ್ನಮ್ಮನಿಗೆ ಮೂರನೆಯ ಹೆರಿಗೆ ಸಲೀಸಾಗಿ ಆಯಿತು. ಕೂಸಿನ ಹಿಂದೆಯೇ ಮಾಸೂ ಬಿತ್ತು. ಪಕ್ಕದ ಮಂಚದಲ್ಲಿ ಚೊಚ್ಚಲ ಬಸುರಿ ಶಾಹೀನಾಗೆ ನೋವು ಶುರುವಾಗಿತ್ತು. ಅವಳನ್ನು ನೋಡಿ ತಿರುಗುವಷ್ಟರಲ್ಲಿ ರತ್ನಮ್ಮನ ಕೆಳಗಿನ ಬಟ್ಟೆ ಪೂರ್ತಿ ಕೆಂಪಾಗಿತ್ತು. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಬಿಗಿದರೇ ರಕ್ತ ನಿಲ್ಲುವುದು. ಇವಳ ಹೊಟ್ಟೆ ಮುಟ್ಟಿದರೆ ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ಹೆರಿಗೆಯ ನಂತರದ ಈ ರಕ್ತಸ್ರಾವವನ್ನು ನಾವು ಪಿಪಿಎಚ್ ಎನ್ನುತ್ತೇವೆ. ತಾಯಿಯನ್ನು ತಾಸೆರಡು ತಾಸಿನಲ್ಲಿ ಕೊಲ್ಲಬಲ್ಲದು.

ಹೊಟ್ಟೆ ಉಜ್ಜುತ್ತಿದ್ದರೆ ಬಿಗಿಯುತ್ತಿತ್ತು, ಕೈ ತೆಗೆದರೆ ಮತ್ತೆ ಸಡಿಲ. ಇಂಜೆಕ್ಷನ್ ಕೊಡಬೇಕು, ಡ್ರಿಪ್ ಹಾಕಬೇಕು, ಫೋನ್ ಮಾಡಬೇಕು. ಕೂಸನ್ನು ಎತ್ತಿಕೊಂಡು ನಿಂತಿದ್ದ ರತ್ನಮ್ಮನ ತಾಯಿ ಹಾಲಮ್ಮನನ್ನು ಕರೆದೆ. ಕೂಸನ್ನು ಶಾಹೀನಾಳ ಜೊತೆ ಬಂದಿದ್ದ ಅವಳ ಚಿಕ್ಕಮ್ಮನಿಗೆ ಕೊಡಿಸಿ, ಹಾಲಮ್ಮನ ಕೈ ಹಿಡಿದು ಮಗಳ ಹೊಟ್ಟೆಯ ಮೇಲೆ ಒತ್ತಿದೆ.

"ಹಿಂಗೇ ಉಜ್ಜ್ರಿ ಅಮ್ಮ. ನಾನು ಹೇಳಾತನಕ ಬಿಡಬ್ಯಾಡ್ರಿ."

ಸೂಜಿಗೆ ನರ ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ರತ್ನಮ್ಮ ಕಣ್ಣು ಕತ್ತಲೆ ಬರುತ್ತಿದೆ ಎಂದಳು, ಆಮೇಲೆ ಮಾತು ನಿಲ್ಲಿಸಿದಳು. ಅವಳು ಸುಮ್ಮನಾದದ್ದೇ ನನಗೆ ಹೆಚ್ಚು ಭಯ ತಂದಿತು.

ಆಂಬುಲೆನ್ಸ್ ಬಂತು, ಚಾಲಕ ಒಬ್ಬರೇ. ರಕ್ತ ಸಿಗುವ ಆಸ್ಪತ್ರೆ ನಲವತ್ತು ನಿಮಿಷದ ದಾರಿ. ಹೊಟ್ಟೆಯ ಮೇಲೆ ಕೈಯಿಟ್ಟು ನಾನೇ ಹೋಗಬೇಕಿತ್ತು. ಹೊರಟಾಗ ಶಾಹೀನಾ ನನ್ನ ಸೆರಗು ಹಿಡಿದಳು.

"ನನ್ನ ಒಬ್ಬಳ್ನೇ ಬಿಟ್ಟು ಹೋಗಬ್ಯಾಡ್ರಿ ಸಿಸ್ಟರ್."

ಚಾಲಕ, ಒಬ್ಬ ರೋಗಿಯನ್ನಷ್ಟೇ ಒಯ್ಯಬೇಕೆಂಬ ನಿಯಮವಿದೆ ಎಂದರು. ಏನಾದರೂ ಆದರೆ ನನ್ನ ಹೆಸರು ಹೇಳಿ ಎಂದು ಇಬ್ಬರನ್ನೂ ಹತ್ತಿಸಿ, ಹಾಲಮ್ಮನನ್ನೂ ಕೂಸು ಹಿಡಿದಿದ್ದ ಚಿಕ್ಕಮ್ಮನನ್ನೂ ಮುಂದೆ ಕೂರಿಸಿ, ಕೇಂದ್ರಕ್ಕೆ ಬೀಗ ಹಾಕಿದೆ.

ದಾರಿಯುದ್ದಕ್ಕೂ ಬಲಗೈ ರತ್ನಮ್ಮನ ಹೊಟ್ಟೆಯ ಮೇಲಿತ್ತು, ಎಡಗೈ ಅವಳ ನಾಡಿ ಹುಡುಕುತ್ತಿತ್ತು. ಒಮ್ಮೆ ನಾಡಿ ಸಿಗಲೇ ಇಲ್ಲ. ಕತ್ತಿನಲ್ಲಿ ಹುಡುಕಿದಾಗ ಸಣ್ಣಗೆ ಮಿಡಿಯಿತು. ಪಕ್ಕದ ಸೀಟಿನಲ್ಲಿ ಶಾಹೀನಾ ನರಳುತ್ತಿದ್ದಳು. ಈಗಲೇ ತಿಣುಕಬೇಡ, ಉಸಿರು ಬಿಡು ಎನ್ನುತ್ತಿದ್ದೆ. ಅವಳಿಗೆ ಅಲ್ಲೇ ಹೆರಿಗೆಯಾದರೆ ರತ್ನಮ್ಮನ ಮೇಲಿನ ಕೈ ಹೇಗೆ ತೆಗೆಯಲಿ?

ಆಸ್ಪತ್ರೆಯಲ್ಲಿ ರತ್ನಮ್ಮನಿಗೆ ಮೂರು ಬಾಟಲಿ ರಕ್ತ ಹಾಕಿದರು. ಬದುಕಿದಳು. ಸಂಜೆ ಆರಕ್ಕೆ ಶಾಹೀನಾಗೆ ಗಂಡು ಮಗುವಾಯಿತು. ಯಾರೋ ಕೊಟ್ಟ ಟೀ ಕುಡಿದು, ಕೇಂದ್ರದ ಬೀಗ ತೆಗೆಯಲು ವಾಪಸ್ ಹೊರಟೆ.

ವಾರದ ನಂತರ, ಕೇಂದ್ರಕ್ಕೆ ಬೀಗ ಹಾಕಿದ್ದೇಕೆಂದು ನೋಟಿಸ್ ಬಂತು. ನಡೆದದ್ದನ್ನು ಬರೆದುಕೊಟ್ಟೆ. ಆಮೇಲೊಂದು ಸಭೆಯಲ್ಲಿ, ಕೇಂದ್ರಗಳಿಗೆ ಮೊದಲು ಏನು ಬೇಕು ಎಂದು ಮೇಲಧಿಕಾರಿಗಳು ಕೇಳಿದರು. ಹೊಸ ಕಟ್ಟಡ, ಸ್ಕ್ಯಾನಿಂಗ್ ಯಂತ್ರ ಎಂದು ಪಟ್ಟಿ ಬೆಳೆಯಿತು. ನಾನು ಎದ್ದುನಿಂತು ಇನ್ನೊಬ್ಬ ನರ್ಸ್ ಬೇಕು ಎಂದೆ. ನೀವು ಅನುಭವಸ್ಥರು, ಧೈರ್ಯವಾಗಿರಿ ಎಂದರು.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಎರಡನೆಯ ನರ್ಸ್ ಬಂದಳು. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹೆರಿಗೆ ಕೋಣೆಯಲ್ಲಿ ಒಂಟಿಯಾಗಿರುವವಳಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಬೇಕು.