ತೊಳೆದ ಕಾಲನ್ನೇ ತೊಳೆಯುವುದು

ಇನ್ನು ಮೇಲೆ ಸೌಮ್ಯವಾಗಿರಬೇಕು ಎಂದು ಮನೆಯಲ್ಲಿ ಯಾರಾದರೂ ತೀರ್ಮಾನ ಮಾಡಿದರೆ, ಆ ಮನೆಯ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ. ನಾನು ಪುಸ್ತಕ ಹಿಡಿದಿದ್ದು ಮದುವೆಯಾದ ಮೇಲೆ. ಹಾಗಾಗಿ ನನ್ನ ಪಾಂಡಿತ್ಯದ ಬಹುಪಾಲು ಅಡುಗೆಮನೆ ಬಾಗಿಲಲ್ಲಿ ಕೂತು ಸಂಪಾದಿಸಿದ್ದು.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಮೊದಲ ಭಾನುವಾರ ನಮ್ಮ ಚರ್ಚಿನ ಗುರುಗಳು, ಹೆಣ್ಣಿಗೆ ನಿಜವಾದ ಒಡವೆ ಸೌಮ್ಯ ಮನಸ್ಸು ಎಂದು ಪ್ರಸಂಗ ಮಾಡಿದರು. ಖರ್ಚಿಲ್ಲದ ಒಡವೆ ಎಂದು ನನಗೆ ಸಂತೋಷವಾಯಿತು. ನನ್ನ ಹೆಂಡತಿ ಆರೋಗ್ಯಮ್ಮನಿಗೆ ಮಾತ್ರ ಅದು ಎದೆಗೆ ನಾಟಿತು. ಕೈಲಾಂಚಕ್ಕೆ ಹೋಗುವ ಬಸ್ಸನ್ನು ಕೈ ತೋರಿಸದೆ ಬಾಯಲ್ಲೇ ನಿಲ್ಲಿಸುತ್ತಿದ್ದವಳು, ಮಾರನೆಯ ಬೆಳಗಿನಿಂದ ರೋಗಿಯ ಪಕ್ಕದಲ್ಲಿ ಕೂತವಳ ಹಾಗೆ ಮಾತಾಡತೊಡಗಿದಳು. ಒಳಗೆ ತಪ್ಪಲೆ, ಮುಚ್ಚಳಗಳು ಗುಡುಗುತ್ತಿದ್ದವು.

"ಯಾಕೆ ಹಂಗ್ ಕುಕ್ತಿದ್ದೀಯೆ?" ಎಂದೆ.

"ನಾನೇನ್ ಕುಕ್ದೆ? ತಪಸ್ಸುಕಾಲ ನಂಗೆ ಕಣ್ರೀ, ತಪ್ಪಲೇಗಲ್ಲ," ಎಂದಳು, ಬಹಳ ಮೆತ್ತಗೆ.

ಅವಳ ಎದೆಯಲ್ಲಿ ಕೂತಿದ್ದು ಜಪಮಾಲೆ, ನನ್ನ ತಮ್ಮನ ಹೆಂಡತಿ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ನಾವು ರೇಷ್ಮೆ ಹುಳ ಸಾಕುವವರು. ಹುಳದ ಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ಬೋಸಿ ಇಟ್ಟಿರುತ್ತೇವೆ. ಅಲ್ಲಿ ಕಾಲು ತೊಳೆಯದೆ ಮಂತ್ರಿ ಬಂದರೂ ಒಳಗೆ ಬಿಡುವುದಿಲ್ಲ. ಹಿಂದಿನ ಬೆಳೆಯಲ್ಲಿ ಜಪಮಾಲೆ ಯಾವುದೋ ಅವಸರದಲ್ಲಿ ಹಾಗೇ ಒಳಗೆ ಬಂದಳು. ವಾರದಲ್ಲಿ ಹುಳಗಳು ಊದಿಕೊಂಡು ಸತ್ತವು. ಅದೇ ಮೊಟ್ಟೆ ತಂದ ಬೇರೆ ಮನೆಗಳಲ್ಲೂ ಸತ್ತವು. ಆ ಮನೆಗಳಿಗೆ ಜಪಮಾಲೆ ಹೋಗಿರಲಿಲ್ಲ. ಆದರೆ ಕೋಪ ಲೆಕ್ಕ ಕೇಳುವುದಿಲ್ಲ.

"ನಿನ್ ಕಾಲ್ಗುಣಾನೇ ಸರಿಯಿಲ್ಲ ಕಣೆ!" ಎಂದುಬಿಟ್ಟಳು ಆರೋಗ್ಯಮ್ಮ, ಬೀದಿಗೆಲ್ಲ ಕೇಳುವಂತೆ.

"ಕಾಲ್ ತೊಳ್ದಿಲ್ಲ ಅಂದಿದ್ರೆ ಒಪ್ಕತಿದ್ದೆ ಕಣಕ್ಕ," ಎಂದಳು ಜಪಮಾಲೆ. ಅಷ್ಟೇ. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನಾನು, ನನ್ನ ತಮ್ಮ ಹೋಟೆಲಿನಲ್ಲಿ ಕದ್ದು ಟೀ ಕುಡಿಯುತ್ತಿದ್ದೆವು, ಪರರಾಜ್ಯದ ಗೂಢಚಾರರಂತೆ.

ಸೌಮ್ಯತೆಯ ಬಗ್ಗೆ ನಾನೂ ಒಸಿ ಯೋಚಿಸಿದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು "ಸಾಧುವಾ?" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಕೈಲಾಗದ ಎತ್ತಲ್ಲ. ತುಂಬಿದ ಗಾಡಿ ಎಳೆಯಬೇಕು, ಮೇವು ಹಾಕುವವರನ್ನು ಮಾತ್ರ ಹಾಯಬಾರದು. ಈ ವಿಚಾರವನ್ನು ಹೆಂಡತಿಗೆ ತಿಳಿಸಿದೆ.

"ನನ್ನ ಎತ್ತು ಅಂದ್ರಾ?" ಎಂದು ಮೃದುವಾಗಿ ಕೇಳಿದಳು. ಆ ಸಂಜೆ ಒಂದು ಸೌಟು ಸೊಟ್ಟಗಾಯಿತು.

ಅಷ್ಟರಲ್ಲಿ ಪವಿತ್ರ ಗುರುವಾರ ಹತ್ತಿರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಈ ಸಲ ಹೆಂಗಸರೂ ಕೂರಲಿ, ದೀನ ಮನಸ್ಸಿನವರು ಮುಂದೆ ಬನ್ನಿ ಎಂದರು. ಒಬ್ಬರೂ ಬರಲಿಲ್ಲ. ಮುಂದೆ ಬಂದರೆ ದೀನತೆ ಹೋಯಿತಲ್ಲ! ಎಲ್ಲರೂ ಪಕ್ಕದವರನ್ನು ತೋರಿಸಿದರು, ತೋರಿಸಿದ ಮೇಲೆ ತಮ್ಮನ್ನೂ ಯಾರಾದರೂ ತೋರಿಸುತ್ತಾರೇನೋ ಎಂದು ನೋಡಿದರು. ಕೊನೆಗೆ ಗುರುಗಳೇ ಹೆಸರು ಕೂಗಿದರು. ಊರ ಜಗಳ ಅವರಿಗೆ ಗೊತ್ತಿತ್ತೋ ಇಲ್ಲವೋ, ಆರೋಗ್ಯಮ್ಮನ ಪಕ್ಕದ ಕುರ್ಚಿ ಜಪಮಾಲೆಯದಾಯಿತು.

ಗುರುವಾರ ಮಧ್ಯಾಹ್ನವಿಡೀ ಬಚ್ಚಲಲ್ಲಿ ಕಲ್ಲು ಹಾಕಿ ಹಿಮ್ಮಡಿ ಉಜ್ಜುವ ಸದ್ದು, ಗೋಡೆಯ ಎರಡೂ ಕಡೆಯಿಂದ. ಕೊಳಕು ಕಾಲನ್ನು ಗುರುಗಳ ಮುಂದೆ ಚಾಚುವುದು ಹೇಗೆ? ಹೀಗೆ ನಮ್ಮೂರಿನಲ್ಲಿ ಪ್ರತಿ ವರ್ಷ ಚೆನ್ನಾಗಿ ತೊಳೆದ ಕಾಲುಗಳನ್ನೇ ಇನ್ನೊಮ್ಮೆ ತೊಳೆಯಲಾಗುತ್ತದೆ. ಗುರುಗಳು ಬಲಗಾಲಿಗೆ ನೀರು ಹುಯ್ದು, ಒರೆಸಿ, ಮುತ್ತಿಟ್ಟರು. ಇಬ್ಬರು ವಾರಗಿತ್ತಿಯರೂ ಬಹಳ ಸೌಮ್ಯವಾಗಿ ನೆಟ್ಟಗೆ ಎದುರಿಗೆ ನೋಡುತ್ತ ಕೂತಿದ್ದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆ ಎತ್ತಿಕೊಂಡು ಪ್ರಾರ್ಥನೆ ಮಾಡುವಂತೆ ಕೂರುತ್ತದೆ. ಅದು ಸಾಧುತನವಲ್ಲ, ಪೊರೆ ಬಿಗಿಯಾಗಿರುತ್ತದೆ ಅಷ್ಟೇ. ಆರೋಗ್ಯಮ್ಮನದೂ ಇದೇ ಎಂದು ನನಗೆ ಚರ್ಚಿನಲ್ಲಿ ಹೊಳೆಯಿತು. ಹೇಳಲಿಲ್ಲ. ಎತ್ತಿನ ವಿಚಾರ ನೆನಪಿತ್ತು.

ಶುಭ ಶುಕ್ರವಾರ ಬೆಳಿಗ್ಗೆ ನಮ್ಮ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಅವಕ್ಕೆ ಉಪವಾಸ ಗೊತ್ತಿಲ್ಲ. ಕೊಯ್ದ ಹಿಪ್ಪುನೇರಳೆ ಸೊಪ್ಪೆಲ್ಲ ಖಾಲಿಯಾಯಿತು. ನಾವು ಕೈ ಚೆಲ್ಲಿ ನಿಂತಿದ್ದಾಗ ಜಪಮಾಲೆ ಒಂದು ಹೊರೆ ಸೊಪ್ಪು ಹೊತ್ತು ಬಂದಳು. ಹೊಸ್ತಿಲಾಚೆಯೇ ನಿಂತಳು.

ಆರೋಗ್ಯಮ್ಮ ಅವಳ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. "ಕಾಲ್ ತೊಳ್ಕಂಡ್ ಬಾ," ಎಂದಳು.

"ನೆನ್ನೆ ಸಾಮಿಗಳೇ ತೊಳ್ದವ್ರಲ್ಲಕ್ಕ."

"ಸಾಮಿಗಳು ತೊಳ್ದಿದ್ದು ಒಂದ್ ಕಾಲು."

ಹೀಗೆಂದು ಆರೋಗ್ಯಮ್ಮ ಕುಕ್ಕರುಗಾಲಲ್ಲಿ ಕೂತು, ಬೋಸಿಯಿಂದ ನೀರು ಮೊಗೆದು ಜಪಮಾಲೆಯ ಎಡಗಾಲಿಗೆ ಹುಯ್ದಳು. ಬೆರಳ ಸಂದಿಯನ್ನೂ ಬಿಡದೆ ಉಜ್ಜಿ, ಸೆರಗಿನಲ್ಲಿ ಒರೆಸಿದಳು. ತಲೆ ಎತ್ತಲಿಲ್ಲ. "ಕಾಲಲ್ಲೇನೂ ಇರ್ನಿಲ್ಲ ಕಣೆ. ನನ್ ಬಾಯಲ್ಲಿತ್ತು."

"ಸಾಕ್ ಬುಡಕ್ಕ, ಸೊಪ್ಪು ಬಾಡ್ತದೆ," ಎಂದಳು ಜಪಮಾಲೆ. ಇಬ್ಬರೂ ಒಳಗೆ ಹೋದರು.

ನಾನು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆ.

"ಏನ್ ನೋಡ್ಕಂಡ್ ನಿಂತಿದ್ದೀರಿ? ಇನ್ನೊಂದ್ ಹೊರೆ ತರಕ್ಕೇನಾಗದೆ!" ಎಂದು ಒಳಗಿನಿಂದ ಕೂಗು ಬಂತು. ರಸ್ತೆಯಲ್ಲಿ ಕೈಲಾಂಚದ ಬಸ್ಸು ನಿಂತಿತು. ಆ ದಿನ ನಮ್ಮ ಮನೆಯ ಪಾತ್ರೆಗಳು ಮಾತ್ರ ಬಹಳ ಸೌಮ್ಯವಾಗಿದ್ದವು.